ವೈವಿಧ್ಯ ತರಬೇತಿ ಸೇವೆ: ಎಂಟು ತಿಂಗಳ ನಂತರ ನನ್ನ ವಿಮರ್ಶೆ

ಮನೆಯಲ್ಲಿ ಬಳಸುವ ಆರೋಗ್ಯ ಸಾಧನಗಳನ್ನು ಮಾಡುವ ಒಂದು ಸಣ್ಣ ಕಂಪನಿಯಲ್ಲಿ ನಾನು ಕೆಲಸ ಮಾಡುತ್ತೇನೆ. ಬಿಪಿ ಮೆಷಿನ್, ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್, ಜ್ವರ ನೋಡುವ ಥರ್ಮಾಮೀಟರ್, ಇಷ್ಟೇ ನಮ್ಮ ಸರಕು. ಒಟ್ಟು 26 ಜನ ಇದ್ದೇವೆ. ಡಬ್ಬಿಯೊಳಗೆ ಬರುವ ಕೈಪಿಡಿ ಬರೆಯುವವಳು ನಾನು. ಕೊಂಡವರು ಫೋನ್ ಮಾಡಿ ದೂರು ಹೇಳಿದರೆ ಕೇಳಿಸಿಕೊಳ್ಳುವವಳೂ ನಾನೇ.

ಎಂಟು ತಿಂಗಳ ಹಿಂದೆ ನಮ್ಮ ಮ್ಯಾನೇಜ್‌ಮೆಂಟ್ ಹೊರಗಿನ ಒಂದು ಸಂಸ್ಥೆಯಿಂದ ಡೈವರ್ಸಿಟಿ ತರಬೇತಿ, ಅಂದರೆ ಬೇರೆ ಬೇರೆ ಥರದ ಜನರನ್ನು ಕೆಲಸದಲ್ಲಿ ಒಳಗೊಳ್ಳುವುದು ಹೇಗೆ ಅನ್ನುವ ಪಾಠ, ತೆಗೆದುಕೊಂಡಿತು. ಎರಡು ಪೂರ್ತಿ ದಿನದ ಕಾರ್ಯಾಗಾರ, ಆಮೇಲೆ ಆರು ತಿಂಗಳು ತಿಂಗಳಿಗೊಮ್ಮೆ ಒಂದು ಗಂಟೆಯ ಆನ್‌ಲೈನ್ ಭೇಟಿ. ಇಂಥದೇ ಸೇವೆ ತೆಗೆದುಕೊಳ್ಳಬೇಕು ಅಂದುಕೊಂಡಿರುವ ಮೂರ್ನಾಲ್ಕು ಪರಿಚಯದವರು "ಹೇಗಿತ್ತು, ದುಡ್ಡು ಕೊಡಬಹುದಾ?" ಅಂತ ಕೇಳಿದ್ದಾರೆ. ಎಲ್ಲರಿಗೂ ಫೋನಿನಲ್ಲಿ ಅರ್ಧಂಬರ್ಧ ಹೇಳುವುದಕ್ಕಿಂತ ಒಮ್ಮೆ ಕೂತು ಬರೆಯೋಣ ಅನ್ನಿಸಿತು. ಸಂಸ್ಥೆಯ ಹೆಸರು ಹಾಕುತ್ತಿಲ್ಲ. ಹೆಚ್ಚು ಕಡಿಮೆ ಇದೇ ಪ್ಯಾಕೇಜನ್ನು ತುಂಬಾ ಜನ ಬೇರೆ ಬೇರೆ ಹೆಸರಿನಲ್ಲಿ ಮಾರುತ್ತಾರೆ. ಹಾಗಾಗಿ ಪ್ಯಾಕೇಜ್ ಬಗ್ಗೆಯೇ ಹೇಳುತ್ತೇನೆ.

ಅಂಕ ಮೊದಲೇ ಕೊಟ್ಟುಬಿಡುತ್ತೇನೆ. ಮೊದಲ ದಿನಕ್ಕೆ ಐದರಲ್ಲಿ ಒಂದು. ಎರಡನೇ ದಿನಕ್ಕೆ ಐದಕ್ಕೆ ಐದು. ಆಮೇಲಿನ ಆರು ತಿಂಗಳಿಗೆ ಎರಡೂವರೆ.

ಮೊದಲ ದಿನ ಬೆಳಿಗ್ಗೆ ಬಾಗಿಲಲ್ಲೇ ಸಹಿ ಹಾಕಿಸಿಕೊಂಡರು. ಬರದಿದ್ದರೆ ವರ್ಷದ ಮೌಲ್ಯಮಾಪನದಲ್ಲಿ ಬರೆಯುತ್ತೇವೆ ಅಂತ ಹಿಂದಿನ ದಿನವೇ ಸುತ್ತೋಲೆ ಬಂದಿತ್ತು. ಹೀಗಾಗಿ ಒಳಗೆ ಕೂತವರಲ್ಲಿ ಅರ್ಧ ಜನರ ಮುಖ ಆಗಲೇ ಬಿಗಿದಿತ್ತು. ತರಬೇತಿ ಕೊಡಲು ಬಂದ ಯುವಕ ಒಳ್ಳೆಯವನೇ, ಚುರುಕು. ಆದರೆ ಅವನ ಕೈಯಲ್ಲಿದ್ದದ್ದು ಬರೀ ಸ್ಲೈಡು. ವೈವಿಧ್ಯ ಅಂದರೇನು, ಒಳಗೊಳ್ಳುವುದು ಅಂದರೇನು, ಸಮಾನತೆಗೂ ನ್ಯಾಯಕ್ಕೂ ಏನು ವ್ಯತ್ಯಾಸ, ಹೀಗೆ ಮಧ್ಯಾಹ್ನದವರೆಗೆ ವ್ಯಾಖ್ಯಾನಗಳೇ ನಡೆದವು. ಒಂದರಲ್ಲೂ ನಮ್ಮ ಕಂಪನಿ ಇರಲಿಲ್ಲ, ನಮ್ಮ ಕೆಲಸ ಇರಲಿಲ್ಲ.

ವೈವಿಧ್ಯ ಇರುವ ಕಂಪನಿಗಳು ಜಾಸ್ತಿ ಲಾಭ ಮಾಡುತ್ತವೆ ಅನ್ನುವ ಅಂಕಿಯೂ ಒಂದು ಸ್ಲೈಡಿನಲ್ಲಿ ಇತ್ತು. ದೊಡ್ಡ ಸಲಹಾ ಸಂಸ್ಥೆಯೊಂದರ ಅಧ್ಯಯನ ಅದು, ಎಲ್ಲ ಕಡೆ ತೋರಿಸುತ್ತಾರೆ. ಆದರೆ 2024ರಲ್ಲಿ ಇಬ್ಬರು ಸಂಶೋಧಕರು ಅಮೆರಿಕದ ಷೇರುಪೇಟೆಯ ದೊಡ್ಡ ಕಂಪನಿಗಳ ಪಟ್ಟಿಯಾದ ಎಸ್ ಆಂಡ್ ಪಿ 500ರ ಕಂಪನಿಗಳನ್ನು ತೆಗೆದುಕೊಂಡು ಅದೇ ಲೆಕ್ಕ ಮಾಡಿ ನೋಡಿದರು. ಆ ಸಂಬಂಧ ಅವರಿಗೆ ಕಾಣಲಿಲ್ಲ. ಅಲ್ಲದೆ ಲಾಭ ಮಾಡುವ ಕಂಪನಿಗಳೇ ಆಮೇಲೆ ಬೇರೆ ಬೇರೆ ಥರದವರನ್ನು ಸೇರಿಸಿಕೊಂಡಿರಬಹುದಲ್ವಾ? ಇದನ್ನು ಕೇಳಿದ್ದಕ್ಕೆ ಅವನು ಮುಂದಿನ ಸ್ಲೈಡಿಗೆ ಹೋದ. ನನಗೆ ಬೇಸರವಾಗಿದ್ದು ಉತ್ತರ ಸಿಗಲಿಲ್ಲ ಅಂತಲ್ಲ. ಒಬ್ಬ ಮನುಷ್ಯನಿಗೆ ಕೆಲಸದಲ್ಲಿ ಜಾಗ ಕೊಡಲು ಲಾಭದ ಲೆಕ್ಕ ತೋರಿಸಬೇಕಾ? ಲಾಭ ಬರದೇ ಹೋದರೆ ಅವನನ್ನು ಹೊರಗೆ ಕಳಿಸಬಹುದು ಅಂತಲಾ? ಈ ಪ್ರಶ್ನೆ ಆ ಕೋಣೆಯಲ್ಲಿ ಬರಬೇಕಿತ್ತು, ಬರಲಿಲ್ಲ.

ಮಧ್ಯಾಹ್ನ ಎಲ್ಲರಿಗೂ ಕಂಪ್ಯೂಟರಿನಲ್ಲಿ ಒಂದು ಪರೀಕ್ಷೆ. ಮನಸ್ಸಿನೊಳಗೆ ಅಡಗಿರುವ ಪೂರ್ವಗ್ರಹ ಅಳೆಯುವ ಪರೀಕ್ಷೆ ಅಂದರು. ಇದನ್ನು 1998ರಲ್ಲಿ ಆಂಥನಿ ಗ್ರೀನ್‌ವಾಲ್ಡ್ ಮತ್ತು ಅವರ ಸಂಗಡಿಗರು ಮೊದಲು ಪ್ರಕಟಿಸಿದರು. ಪರದೆಯ ಮೇಲೆ ಮುಖಗಳು, ಪದಗಳು ಬರುತ್ತವೆ. ಎಡಕ್ಕೋ ಬಲಕ್ಕೋ ಒಂದು ಕೀ ಒತ್ತುತ್ತಾ ಹೋಗಬೇಕು. ಮುಖ, ಪದಗಳ ಯಾವ ಜೋಡಿಗೆ ಕೈ ಬೇಗ ಓಡುತ್ತದೆ, ಯಾವುದಕ್ಕೆ ತಡವರಿಸುತ್ತದೆ ಅಂತ ಸೆಕೆಂಡಿನ ಸಾವಿರದಲ್ಲೊಂದು ಭಾಗದವರೆಗೂ ಲೆಕ್ಕ ಹಾಕುತ್ತದೆ. ಸಾವಿರಾರು ಜನರ ಸರಾಸರಿ ನೋಡಲು ಇದು ಉಪಯುಕ್ತ. ಆದರೆ ಒಬ್ಬನೇ ಮನುಷ್ಯ ಎರಡು ವಾರ ಬಿಟ್ಟು ಮತ್ತೆ ಮಾಡಿದರೆ ಫಲಿತಾಂಶ ಬೇರೆ ಬರುವುದು ಮಾಮೂಲು. ಇದನ್ನು ಇಟ್ಟುಕೊಂಡು ಒಬ್ಬೊಬ್ಬರ ಗುಣ ತೀರ್ಮಾನಿಸಬೇಡಿ ಅಂತ ಪರೀಕ್ಷೆ ನಡೆಸುವವರೇ ಹೇಳುತ್ತಾರೆ. ನಮ್ಮ ತರಬೇತಿಯಲ್ಲಿ ಈ ಮಾತು ಬರಲೇ ಇಲ್ಲ. ಒಬ್ಬೊಬ್ಬರಿಗೂ ಅವರವರ ಫಲಿತಾಂಶ ಕೈಗೆ ಕೊಟ್ಟರು. ಲೆಕ್ಕಪತ್ರ ವಿಭಾಗದ ಗೆಳತಿ ಚೀಟಿ ನೋಡಿ ಅಳುಮುಖ ಮಾಡಿಕೊಂಡಳು. "ನಾನು ಅಂಥವಳಾ?" ಅಂತ ಸಂಜೆ ಮೂರು ಸಲ ಕೇಳಿದಳು. ಅವಳನ್ನು ಹತ್ತು ವರ್ಷದಿಂದ ಬಲ್ಲೆ. ಯಾರ ಮನೆಯಲ್ಲಿ ಕಷ್ಟ ಅಂದರೂ ಮೊದಲು ಎದ್ದು ಹೋಗುವವಳು ಅವಳೇ.

ಇನ್ನೊಂದು ವಿಷಯ ನನಗೆ ಇವತ್ತಿಗೂ ನೋವು ಕೊಡುತ್ತದೆ. ನಮ್ಮ ಜೋಡಣೆ ವಿಭಾಗದಲ್ಲಿ ಕಿವಿ ತುಂಬಾ ಮಂದ ಇರುವ ಒಬ್ಬರಿದ್ದಾರೆ. ಎದುರಿಗಿರುವವರ ತುಟಿ ನೋಡಿ ಮಾತು ಹಿಡಿಯುತ್ತಾರೆ. ಆ ದಿನ ತೋರಿಸಿದ ನಾಲ್ಕು ವಿಡಿಯೋಗಳಲ್ಲಿ ಒಂದರಲ್ಲೂ ಕೆಳಗೆ ಬರಹ ಇರಲಿಲ್ಲ. ಹೇಳಿಕೊಡುವ ಯುವಕ ಕೋಣೆ ತುಂಬಾ ಓಡಾಡುತ್ತಾ, ಪರದೆಯ ಕಡೆ ತಿರುಗಿ ಮಾತಾಡುತ್ತಿದ್ದ. ಎಲ್ಲರನ್ನೂ ಒಳಗೊಳ್ಳುವುದು ಹೇಗೆ ಅನ್ನುವ ಪಾಠದಲ್ಲಿ ಅವರು ಏಳು ಗಂಟೆ ಸುಮ್ನೆ ಕೂತಿದ್ದರು. ಬಿಡುವಿನಲ್ಲಿ ನಾನು ಹೋಗಿ ಹೇಳಿದೆ. ಆ ಯುವಕ ತಕ್ಷಣ ತಪ್ಪು ಒಪ್ಪಿಕೊಂಡ. ಮರುದಿನದ ವಿಷಯವನ್ನೆಲ್ಲ ರಾತ್ರಿಯೇ ಮುದ್ರಿಸಿ, ಬೆಳಿಗ್ಗೆ ಅವರ ಕೈಗೇ ಕೊಟ್ಟ. ಅದು ಅವನ ದೊಡ್ಡ ಗುಣ. ಆದರೆ ಇಂಥ ಸೇವೆ ಮಾರುವವರು ಯಾರೂ ಹೇಳದೆಯೇ ಮಾಡಬೇಕಾದ ಮೊದಲ ಕೆಲಸ ಅದು.

ಆ ರಾತ್ರಿ ಕೋಪದಲ್ಲಿ ಕೂತು ಓದಿದೆ. ಫ್ರಾಂಕ್ ಡಾಬಿನ್ ಮತ್ತು ಅಲೆಕ್ಸಾಂಡ್ರಾ ಕಲೆವ್ ಅನ್ನುವ ಇಬ್ಬರು ಸಮಾಜಶಾಸ್ತ್ರಜ್ಞರು ಇದನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಎರಿನ್ ಕೆಲ್ಲಿ ಅವರ ಜೊತೆ ಸೇರಿ 2006ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಅಮೆರಿಕದ 708 ಖಾಸಗಿ ಸಂಸ್ಥೆಗಳ ಸುಮಾರು ಮೂವತ್ತು ವರ್ಷದ ಲೆಕ್ಕ ಇದೆ. ಬರೀ ತರಬೇತಿಯಿಂದ ಮ್ಯಾನೇಜರ್ ಹುದ್ದೆಗೆ ಬರುವ ಹೆಂಗಸರ, ಕಪ್ಪು ಜನರ ಸಂಖ್ಯೆ ಹೇಳಿಕೊಳ್ಳುವಷ್ಟು ಏರಲಿಲ್ಲ. ಇಂಥವರೇ ಇದಕ್ಕೆ ಹೊಣೆ ಅಂತ ಗೊತ್ತುಮಾಡಿದ ಕಡೆ ಏರಿತು. ಕಡ್ಡಾಯ ತರಬೇತಿ ಎಷ್ಟೋ ಸಲ ತಿರುಗುಬಾಣವೂ ಆಗುತ್ತದೆ ಅಂತ ಡಾಬಿನ್ ಮತ್ತು ಕಲೆವ್ 2016ರಲ್ಲಿ ಬರೆದರು. ಒತ್ತಾಯ ಮಾಡಿ ಕೂರಿಸಿದರೆ ಜನ ಒಳಗೊಳಗೇ ಸೆಟೆದು ನಿಲ್ಲುತ್ತಾರೆ. ನಮ್ಮ ಬಾಗಿಲಿನ ಸಹಿ ಪುಸ್ತಕ ಕಣ್ಣ ಮುಂದೆ ಬಂತು.

ಇಷ್ಟಕ್ಕೇ ನಿಂತಿದ್ದರೆ ಈ ಸೇವೆ ಬೇಡ ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದೆ. ಎರಡನೇ ದಿನ ಬೇರೆಯವರು ಬಂದರು. ಸುಮಾರು ಅರವತ್ತು ವಯಸ್ಸಿನ ಹೆಂಗಸು, ಹಿಂದೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಪರದೆ ಹಾಕಲಿಲ್ಲ. ನಮ್ಮ ಸ್ಟೋರಿನಿಂದ ಒಂದು ಆಕ್ಸಿಮೀಟರ್, ಒಂದು ಬಿಪಿ ಮೆಷಿನ್ ತರಿಸಿ ಮೇಜಿನ ಮೇಲಿಟ್ಟರು. ತೋಳಿಗೆ ಕಟ್ಟುವ ಪಟ್ಟಿಯನ್ನು ಎತ್ತಿ ಹಿಡಿದು ಕೇಳಿದರು.

"ಇದನ್ನ ಯಾರ ತೋಳಿಗೆ ಕಟ್ಟಿ ನೋಡಿದ್ರಿ?"

"ನಾವೇ ನೋಡಿದ್ದೀವಿ ಮೇಡಂ. ಡಿಸೈನ್ ವಿಭಾಗದ ಐದೂ ಜನ," ಅಂದರು ಡಿಸೈನ್ ಮುಖ್ಯಸ್ಥರು.

"ಐದೂ ಜನ ಸ್ವಲ್ಪ ಎದ್ದು ನಿಲ್ತೀರಾ?"

ಐವರೂ ಎದ್ದು ನಿಂತರು. ಐವರೂ ಗಂಡಸರು, ಐವರೂ ಮೂವತ್ತರ ಆಸುಪಾಸು, ಐವರೂ ಸಪೂರ. ಮೇಡಂ ಏನೂ ಹೇಳಲಿಲ್ಲ, ಕೂತುಕೊಳ್ಳಿ ಅಂತ ಸನ್ನೆ ಮಾಡಿದರು. ಡಿಸೈನ್ ಮುಖ್ಯಸ್ಥರು ಪಟ್ಟಿಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡುತ್ತಾ ಕೂತರು.

ಆಮೇಲೆ ಮೇಡಂ 2023ರ ಒಂದು ಅಧ್ಯಯನ ಹೇಳಿದರು. ತೋಳು ತುಂಬಾ ದಪ್ಪ ಇದ್ದು ಅತಿ ದೊಡ್ಡ ಪಟ್ಟಿ ಬೇಕಾದವರಿಗೆ ಮಾಮೂಲಿ ಪಟ್ಟಿ ಕಟ್ಟಿದಾಗ ಮೇಲಿನ ಬಿಪಿ ಸರಾಸರಿ 19.5ರಷ್ಟು ಜಾಸ್ತಿ ತೋರಿಸಿತು. ಸಣ್ಣ ಪಟ್ಟಿ ಬೇಕಾದವರಿಗೆ 3.6ರಷ್ಟು ಕಡಿಮೆ ತೋರಿಸಿತು. ಯೋಚನೆ ಮಾಡಿ. ಬಿಪಿ ಇಲ್ಲದವರು ಮಾತ್ರೆ ಶುರು ಮಾಡಬಹುದು. ಇರುವವರು ಇಲ್ಲ ಅಂದುಕೊಂಡು ಸುಮ್ಮನಿರಬಹುದು. ನಾವು ಆಗ ಮಾರುತ್ತಿದ್ದದ್ದು ಒಂದೇ ಅಳತೆಯ ಪಟ್ಟಿ.

ಆಕ್ಸಿಮೀಟರಿನ ಕಥೆ ಇನ್ನೂ ಗಂಭೀರ. ಅದು ಬೆರಳಿನ ಮೂಲಕ ಕೆಂಪು ಬೆಳಕನ್ನೂ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನೂ ಹಾಯಿಸಿ, ರಕ್ತ ಎಷ್ಟು ಹೀರಿತು ಅಂತ ನೋಡಿ ಆಮ್ಲಜನಕ ಲೆಕ್ಕ ಹಾಕುತ್ತದೆ. ಚರ್ಮದ ಬಣ್ಣವೂ ಬೆಳಕನ್ನು ಹೀರುತ್ತದೆ. 2020ರ ಡಿಸೆಂಬರಿನಲ್ಲಿ ಅಮೆರಿಕದ ಮಿಷಿಗನ್ ವೈದ್ಯರು ಒಂದು ವರದಿ ಪ್ರಕಟಿಸಿದರು. ಮೆಷಿನ್ 92ರಿಂದ 96 ಅಂತ ತೋರಿಸುತ್ತಿದ್ದಾಗ ರಕ್ತ ತೆಗೆದು ನೋಡಿದರೆ ನಿಜವಾದ ಮಟ್ಟ 88ಕ್ಕಿಂತ ಕೆಳಗಿದ್ದದ್ದು ಬಿಳಿಯ ರೋಗಿಗಳಲ್ಲಿ ನೂರಕ್ಕೆ 3.6 ಸಲ, ಕಪ್ಪು ರೋಗಿಗಳಲ್ಲಿ 11.7 ಸಲ. ಹತ್ತಿರ ಹತ್ತಿರ ಮೂರು ಪಟ್ಟು. ಅದೂ ಉಸಿರಾಟದ ರೋಗ ಜಗತ್ತನ್ನೇ ಹಿಡಿದಿದ್ದ ವರ್ಷದಲ್ಲಿ. ಅಲ್ಲಿನ ಔಷಧ ಇಲಾಖೆಯ 2013ರ ಸೂಚನೆ ಪ್ರಕಾರ ಇಂಥ ಸಾಧನವನ್ನು ಕನಿಷ್ಠ 10 ಜನರ ಮೇಲೆ ಪರೀಕ್ಷಿಸಿದರೆ ಸಾಕಿತ್ತು. ಅದರಲ್ಲಿ ಗಾಢ ಬಣ್ಣದ ಚರ್ಮದವರು ಕನಿಷ್ಠ ಇಬ್ಬರು, ಇಲ್ಲವೇ ನೂರಕ್ಕೆ 15, ಯಾವುದು ಜಾಸ್ತಿಯೋ ಅದು. ಇಬ್ಬರು! 2025ರ ಕರಡಿನಲ್ಲಿ ಪರೀಕ್ಷೆಗೆ 150 ಜನರಾದರೂ ಬೇಕು ಅನ್ನುವ ಮಾತು ಬಂತು.

ಯಾರೂ ಕೆಟ್ಟ ಮನಸ್ಸಿನಿಂದ ಆ ಮೆಷಿನ್ ಮಾಡಿರಲಿಲ್ಲ. ಈ ಮಾತನ್ನು ಮೇಡಂ ಎರಡು ಸಲ ಹೇಳಿದರು. ಹಿಂದಿನ ದಿನ ಚೀಟಿ ನೋಡಿ ಅತ್ತ ನನ್ನ ಗೆಳತಿ ಅದನ್ನು ಕೇಳಿ ಮೊದಲ ಸಲ ತಲೆ ಎತ್ತಿದಳು. ನಿದ್ರೆ ಮಾತ್ರೆ ಜೋಲ್ಪಿಡೆಮ್ ವಿಷಯದಲ್ಲೂ ಹಾಗೇ ಆಯಿತಂತೆ. 1992ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಹೆಂಗಸರ ಮೈಯಿಂದ ಅದು ನಿಧಾನವಾಗಿ ಹೊರಹೋಗುತ್ತದೆ, ಬೆಳಿಗ್ಗೆ ಗಾಡಿ ಓಡಿಸುವಾಗಲೂ ಮಂಪರು ಉಳಿದಿರುತ್ತದೆ ಅಂತ ಹೆಂಗಸರ ಪ್ರಮಾಣವನ್ನು 10 ಮಿಲಿಗ್ರಾಂನಿಂದ 5ಕ್ಕೆ ಇಳಿಸಲು ಹೇಳಿದ್ದು 2013ರಲ್ಲಿ. ನಡುವೆ ಇಪ್ಪತ್ತೊಂದು ವರ್ಷ.

ಆಮೇಲೆ ಶುರುವಾಯಿತು ನಿಜವಾದ ಕೆಲಸ. ಇದೊಂದಕ್ಕಾಗಿಯೇ ಈ ಸೇವೆಗೆ ದುಡ್ಡು ಕೊಡಬಹುದು. ಪ್ರತಿಯೊಬ್ಬರಿಗೂ ಒಂದು ಕಾರ್ಡು, ಒಂದೇ ಥರದ ಪೆನ್ನು. ಹೆಸರು ಬರೆಯುವ ಹಾಗಿಲ್ಲ. ಏಳು ನಿಮಿಷ ಯಾರೂ ಮಾತಾಡುವ ಹಾಗಿಲ್ಲ. ಪ್ರಶ್ನೆ ಒಂದೇ: "ನಮ್ಮ ಸಾಧನ ಬಳಸುವಾಗ ನಿಮಗೆ ಏನು ಕಷ್ಟ?" ಬರೆದು ಮುಗಿದ ಮೇಲೆ ಕಾರ್ಡುಗಳನ್ನು ಕಲೆಸಿ, ಮೇಡಂ ಒಂದೊಂದಾಗಿ ಓದುತ್ತಾರೆ. ಚರ್ಚೆಯಲ್ಲಿ ಹುದ್ದೆಯಲ್ಲಿ ಕಿರಿಯರು ಮೊದಲು ಮಾತಾಡಬೇಕು, ಎಲ್ಲರಿಗಿಂತ ದೊಡ್ಡವರು ಕೊನೆಗೆ. ದೊಡ್ಡವರು ಮೊದಲು ಬಾಯಿ ಬಿಟ್ಟರೆ ಉಳಿದವರ ಬಾಯಿಗೆ ಬೀಗ ಬೀಳುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಅದನ್ನು ನಿಯಮ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ನನ್ನ ಕಾರ್ಡಿನಲ್ಲಿ ಬರೆದದ್ದು ಹೇಳುತ್ತೇನೆ. ನಾನು ಎಡಗೈಯವಳು. ಬಿಪಿ ಮೆಷಿನ್ನಿನ ಕೈಪಿಡಿಯಲ್ಲಿ "ಪಟ್ಟಿಯನ್ನು ಎಡತೋಳಿಗೆ ಕಟ್ಟಿ, ಬಲಗೈಯಿಂದ ಬಿಗಿ ಮಾಡಿ" ಅಂತಿತ್ತು. ನನಗೆ ಬಲಗೈಯಲ್ಲಿ ಬಿಗಿ ಮಾಡಲು ಬರುವುದಿಲ್ಲ, ಪ್ರತಿ ಸಲ ಸಡಿಲ ಆಗುತ್ತದೆ. ಆ ಸಾಲು ಬರೆದವಳು ನಾನೇ! ಹಳೆಯ ಕೈಪಿಡಿ ನೋಡಿ ಹಾಗೇ ಇಳಿಸಿದ್ದೆ. ಹತ್ತರಲ್ಲಿ ಒಬ್ಬರು ಎಡಗೈಯವರು ಅಂತ ಗೊತ್ತಿದ್ದೂ, ನನ್ನ ಕೈಯೇ ಹೇಳುತ್ತಿದ್ದದ್ದನ್ನು ನಾನು ಕೈಪಿಡಿಗೆ ತರಲಿಲ್ಲ. ಬೇರೆ ಥರದವರೊಬ್ಬರು ಕುರ್ಚಿಯಲ್ಲಿ ಕೂತ ಮಾತ್ರಕ್ಕೆ ಅವರಿಗೆ ಗೊತ್ತಿರುವುದು ಕೆಲಸದೊಳಗೆ ಬರುವುದಿಲ್ಲ. ಇದು ನನಗೆ ನನ್ನಿಂದಲೇ ತಿಳಿಯಿತು.

ಹನ್ನೊಂದನೆಯದೋ ಹನ್ನೆರಡನೆಯದೋ ಕಾರ್ಡು. ಮೇಡಂ ಓದಿದರು: "ಹಸಿರು ದೀಪ, ಕೆಂಪು ದೀಪ ಎರಡೂ ನನಗೆ ಒಂದೇ ಥರ ಕಾಣುತ್ತೆ. ರೀಡಿಂಗ್ ಸರಿ ಬಂತಾ ತಪ್ಪು ಬಂತಾ ಗೊತ್ತಾಗಲ್ಲ."

ಕೋಣೆ ಪೂರ್ತಿ ಮೌನ. ನಮ್ಮ ಬಿಪಿ ಮೆಷಿನ್ನಿನಲ್ಲಿ ರೀಡಿಂಗ್ ಸರಿ ಬಂದರೆ ಹಸಿರು ದೀಪ, ಪಟ್ಟಿ ಜಾರಿದರೆ ಅಥವಾ ಕೈ ಅಲುಗಿದರೆ ಕೆಂಪು ದೀಪ. ಒಂದೇ ಜಾಗದಲ್ಲಿ ಒಂದೇ ಚುಕ್ಕಿ, ಬಣ್ಣ ಮಾತ್ರ ಬೇರೆ. ಸ್ವಲ್ಪ ಹೊತ್ತಾದ ಮೇಲೆ ಹಿಂದಿನ ಸಾಲಿನಿಂದ ಸ್ಟೋರಿನವರು ಎದ್ದು ನಿಂತರು. ಆರು ವರ್ಷದಿಂದ ನಮ್ಮ ಜೊತೆ ಇರುವವರು.

"ಅದು ನನ್ನದು ಮೇಡಂ."

"ಆರು ವರ್ಷದಲ್ಲಿ ಒಂದಿನಾನೂ ಯಾಕೆ ಹೇಳ್ಲಿಲ್ಲ?" ಅಂತ ಡಿಸೈನ್ ಮುಖ್ಯಸ್ಥರು ಮೆಲ್ಲಗೆ ಕೇಳಿದರು.

"ಯಾರೂ ಕೇಳ್ಲಿಲ್ಲ ಸರ್. ನಾನಾಗೇ ಹೇಳಿದ್ರೆ ಸ್ಟೋರ್ ಕೆಲಸಕ್ಕೆ ಆಗಲ್ಲ ಅಂತಾರೇನೋ ಅಂತ ಭಯ ಇತ್ತು."

ಆ ಸಂಜೆ ನಾನು ದೂರಿನ ರಿಜಿಸ್ಟರ್ ತೆಗೆದು ಕೂತೆ. "ರೀಡಿಂಗ್ ಸರಿಯೋ ತಪ್ಪೋ ತಿಳಿಯುತ್ತಿಲ್ಲ" ಅನ್ನುವ ಅರ್ಥದ ದೂರು ಒಂದು ವರ್ಷದಲ್ಲಿ 14 ಸಿಕ್ಕವು. ಹದಿನಾಲ್ಕಕ್ಕೂ ನಾನು ಕೊಟ್ಟ ಉತ್ತರ ಒಂದೇ: "ದಯವಿಟ್ಟು ಕೈಪಿಡಿಯ 9ನೇ ಪುಟ ನೋಡಿ." ಅಲ್ಲಿ ಏನಿತ್ತು ಗೊತ್ತಾ? ಹಸಿರು ಬಂದರೆ ಸರಿ, ಕೆಂಪು ಬಂದರೆ ತಪ್ಪು ಅಂತ.

ಇಲ್ಲಿ ಸ್ವಲ್ಪ ಆಚೆ ಹೋಗುತ್ತೇನೆ, ಈ ವಿಷಯ ನನ್ನನ್ನು ಅಷ್ಟು ಹಿಡಿದುಕೊಂಡಿದೆ. ಕೆಂಪು ಹಸಿರು ಬೇರೆ ಕಾಣದಿರುವುದು ಹೆಚ್ಚಾಗಿ ಎಕ್ಸ್ ವರ್ಣತಂತುವಿನ ಮೂಲಕ ಬರುತ್ತದೆ. ಗಂಡಸರಿಗೆ ಎಕ್ಸ್ ಒಂದೇ ಇರುವುದರಿಂದ ಅವರಲ್ಲಿ ತುಂಬಾ ಜಾಸ್ತಿ. ಇದರ ಬಗ್ಗೆ ಮೊದಲ ಗಟ್ಟಿ ವೈಜ್ಞಾನಿಕ ವಿವರಣೆ ಕೊಟ್ಟವರು ಜಾನ್ ಡಾಲ್ಟನ್, ಪರಮಾಣು ಸಿದ್ಧಾಂತದ ಡಾಲ್ಟನ್ನೇ. ಹಗಲಿನಲ್ಲಿ ಆಕಾಶದ ಬಣ್ಣ ಕಾಣುತ್ತಿದ್ದ ಒಂದು ಜೆರೇನಿಯಂ ಹೂವು ಮೇಣದ ಬತ್ತಿಯ ಬೆಳಕಿನಲ್ಲಿ ಅವರಿಗೆ ಕೆಂಪಾಗಿ ಕಂಡಿತು. ಬೇರೆಯವರನ್ನು ಕೇಳಿದರೆ ಅವರಿಗೆ ಅಷ್ಟು ದೊಡ್ಡ ಬದಲಾವಣೆ ಏನೂ ಕಾಣಲಿಲ್ಲ. ಡಾಲ್ಟನ್ ಅವರ ಅಣ್ಣನಿಗೆ ಮಾತ್ರ ಅವರ ಹಾಗೇ ಕಾಣುತ್ತಿತ್ತು. 1794ರಲ್ಲಿ ಮ್ಯಾಂಚೆಸ್ಟರಿನಲ್ಲಿ ಇದನ್ನು ಓದಿ ಹೇಳಿದರು. ಕಣ್ಣಿನೊಳಗಿನ ದ್ರವ ನೀಲಿಯಾಗಿರಬೇಕು ಅನ್ನುವುದು ಅವರ ಊಹೆ. ನಾನು ಸತ್ತ ಮೇಲೆ ನೋಡಿ ಅಂದಿದ್ದರು. 1844ರಲ್ಲಿ ತೀರಿಕೊಂಡಾಗ ನೋಡಿದರು, ದ್ರವ ತಿಳಿಯಾಗಿತ್ತು. ಆದರೆ ಕಣ್ಣನ್ನು ಜೋಪಾನ ಮಾಡಿಟ್ಟಿದ್ದರು. ನೂರೈವತ್ತು ವರ್ಷದ ನಂತರ, 1995ರಲ್ಲಿ, ಅದರ ಡಿಎನ್‌ಎ ನೋಡಿ ಹಸಿರಿಗೆ ಸಂಬಂಧಿಸಿದ ವರ್ಣದ್ರವ್ಯ ಅವರಲ್ಲಿ ಇರಲಿಲ್ಲ ಅಂತ ಗೊತ್ತಾಯಿತು. ಡಾಲ್ಟನ್ ಹೇಳಿದ ಕಾರಣ ತಪ್ಪಾಗಿತ್ತು. ಆದರೆ "ನನಗೆ ಹೀಗೆ ಕಾಣುತ್ತದೆ" ಅಂದದ್ದು ಸರಿಯಾಗಿತ್ತು. ಅವರ ಮಾತನ್ನು ಕೂತು ಕೇಳಲು ಒಂದು ಸಭೆ ಇತ್ತು. ನಮ್ಮ ಸ್ಟೋರಿನವರಿಗೆ ಆರು ವರ್ಷ ಅಂಥ ಸಭೆ ಇರಲಿಲ್ಲ.

ಈ ಕಾರ್ಡಿನ ಪದ್ಧತಿಯನ್ನು ನಾವು ಬಿಟ್ಟಿಲ್ಲ. ಪ್ರತಿ ತಿಂಗಳ ಉತ್ಪನ್ನ ಸಭೆ ಹಾಗೇ ನಡೆಯುತ್ತದೆ. ಇದರಿಂದ ಕಷ್ಟ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಮೊದಲು 40 ನಿಮಿಷಕ್ಕೆ ಮುಗಿಯುತ್ತಿದ್ದ ಸಭೆ ಈಗ ಒಂದೂ ಕಾಲು ಗಂಟೆ. ಮಾತಿಗೆ ಮಾತು ಬೆಳೆಯುತ್ತದೆ. ಒಂದು ಸಲವಂತೂ ಡಿಸೈನ್ ವಿಭಾಗದ ಹುಡುಗನಿಗೂ ಜೋಡಣೆ ವಿಭಾಗದವರಿಗೂ ಎರಡು ದಿನ ಮಾತಿರಲಿಲ್ಲ. ಇದನ್ನು ಮೇಡಂ ಮೊದಲೇ ಹೇಳಿದ್ದರು. ಸ್ಯಾಮ್ಯುಯೆಲ್ ಸೊಮ್ಮರ್ಸ್ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆರು ಜನರ ಅಣಕು ಜ್ಯೂರಿಗಳಿಗೆ (ಕೋರ್ಟಿನಲ್ಲಿ ತೀರ್ಪು ಹೇಳುವ ಸಾಮಾನ್ಯ ಜನರ ಗುಂಪಿಗೆ ಜ್ಯೂರಿ ಅನ್ನುತ್ತಾರೆ) ಒಂದೇ ಮೊಕದ್ದಮೆ ಕೊಟ್ಟಿದ್ದರು. ಕೆಲವದರಲ್ಲಿ ಆರೂ ಜನ ಬಿಳಿಯರು, ಕೆಲವದರಲ್ಲಿ ನಾಲ್ವರು ಬಿಳಿಯರು, ಇಬ್ಬರು ಕಪ್ಪು ಜನ. ಬೆರೆತ ಗುಂಪುಗಳು ಜಾಸ್ತಿ ಹೊತ್ತು ಚರ್ಚೆ ಮಾಡಿದವು, ಮೊಕದ್ದಮೆಯ ಜಾಸ್ತಿ ವಿವರ ಎತ್ತಿದವು, ತಪ್ಪು ಕಡಿಮೆ ಹೇಳಿದವು. ವಿಶೇಷ ಅಂದರೆ ಇದು ಕಪ್ಪು ಜನ ಹೊಸದೇನೋ ಹೇಳಿದ್ದರಿಂದ ಮಾತ್ರ ಆದದ್ದಲ್ಲ. ಬೆರೆತ ಗುಂಪಿನಲ್ಲಿ ಕೂತ ಬಿಳಿಯರೇ ಹೆಚ್ಚು ಎಚ್ಚರದಿಂದ ಮಾತಾಡಿದರು. ನಮ್ಮಲ್ಲೂ ಅದನ್ನೇ ಕಾಣುತ್ತೇನೆ. ಸ್ಟೋರಿನವರು ಎದುರಿಗಿದ್ದರೆ ಡಿಸೈನ್ ವಿಭಾಗದವರು "ಇದು ಎಲ್ಲರಿಗೂ ಗೊತ್ತಾಗುತ್ತೆ ಬಿಡಿ" ಅನ್ನುವುದಿಲ್ಲ. ಗೊತ್ತಾಗುತ್ತದಾ ಅಂತ ತಿರುಗಿ ಕೇಳುತ್ತಾರೆ.

ಇನ್ನು ಆರು ತಿಂಗಳ ಆನ್‌ಲೈನ್ ಭೇಟಿ. ಮೊದಲ ಎರಡಕ್ಕೆ ಅದೇ ಮೇಡಂ ಬಂದರು, ಚೆನ್ನಾಗಿತ್ತು. ಆಮೇಲೆ ಬೇರೆ ಬೇರೆಯವರು ಬಂದರು, ನಾವು ಏನು ಮಾಡುವವರು ಅಂತಲೂ ಅವರಿಗೆ ಗೊತ್ತಿರಲಿಲ್ಲ. ಮೂರನೇ ಭೇಟಿಯಲ್ಲಿ ಒಬ್ಬರು ಕಿವಿ ಮಂದ ಇರುವ ನಮ್ಮ ಸಹೋದ್ಯೋಗಿಯನ್ನು ಪರದೆಯ ಮುಂದೆ ಕರೆದು, "ನಿಮ್ಮಂಥವರಿಗೆ ಏನು ಬೇಕು ಹೇಳಿ" ಅಂದರು. ಅವರು ಒಂದೊಂದೇ ಪದ ನಿಧಾನವಾಗಿ ಹೇಳಿದರು: "ನನಗೆ ಏನು ಬೇಕು ಅಂತ ಹೇಳಬಲ್ಲೆ. ಕಿವಿ ಕೇಳದವರೆಲ್ಲರ ಪರವಾಗಿ ನಾನು ಹೇಗೆ ಹೇಳಲಿ?" ನಾನು ಎಂಟು ತಿಂಗಳಲ್ಲಿ ಕೇಳಿದ ಅತ್ಯಂತ ಒಳ್ಳೆಯ ಪಾಠ ಅದು, ಕೊಟ್ಟದ್ದು ತರಬೇತಿಯವರಲ್ಲ.

ನೇಮಕಾತಿಯ ಬಗ್ಗೆ ಎರಡನೇ ಭೇಟಿಯಲ್ಲಿ ಹೇಳಿದ್ದು ಮಾತ್ರ ಬಹಳ ಉಪಯೋಗಕ್ಕೆ ಬಂತು. ಬರ್ಟ್ರಾಂಡ್ ಮತ್ತು ಮುಲ್ಲೈನಾಥನ್ ಅನ್ನುವ ಅರ್ಥಶಾಸ್ತ್ರಜ್ಞರು ಬಾಸ್ಟನ್ ಮತ್ತು ಶಿಕಾಗೋದ ಉದ್ಯೋಗ ಜಾಹೀರಾತುಗಳಿಗೆ ಸುಮಾರು 5,000 ಅರ್ಜಿ ಕಳಿಸಿದ್ದರು. ಅರ್ಹತೆ ಒಂದೇ ಥರ, ಹೆಸರು ಮಾತ್ರ ಬೇರೆ. ಬಿಳಿಯರ ಹೆಸರಿನಂತೆ ಕೇಳಿಸುವ ಅರ್ಜಿಗಳಿಗೆ ಕಪ್ಪು ಜನರ ಹೆಸರಿನವಕ್ಕಿಂತ ನೂರಕ್ಕೆ 50ರಷ್ಟು ಜಾಸ್ತಿ ಕರೆ ಬಂತು. 2004ರಲ್ಲಿ ಪ್ರಕಟವಾದ ಕೆಲಸ. ನಾವು ಎರಡು ಹುದ್ದೆಗೆ ಹೆಸರು, ಓದಿದ ಜಾಗ, ಕೆಲಸದ ನಡುವಿನ ಖಾಲಿ ವರ್ಷಗಳು ಎಲ್ಲವನ್ನೂ ಮುಚ್ಚಿ ಅರ್ಜಿ ನೋಡಿದೆವು. ಸಂದರ್ಶನದಲ್ಲಿ ಎಲ್ಲರಿಗೂ ಅವೇ ಪ್ರಶ್ನೆ, ಅದೇ ಕ್ರಮ. ಒಬ್ಬರಿಗೊಬ್ಬರು ಮಾತಾಡುವ ಮೊದಲೇ ಅಂಕ ಬರೆದಿಡಬೇಕು. ಹಾಗೆ ಬಂದವರಲ್ಲಿ ಒಬ್ಬಾಕೆ ಐದು ವರ್ಷ ಕೆಲಸ ಬಿಟ್ಟು, ಹಾಸಿಗೆ ಹಿಡಿದಿದ್ದ ತಾಯಿಯನ್ನು ನೋಡಿಕೊಂಡವಳು. ಮೊದಲಾಗಿದ್ದರೆ ಆ ಐದು ವರ್ಷ ನೋಡಿಯೇ ಅರ್ಜಿ ಪಕ್ಕಕ್ಕೆ ಹೋಗುತ್ತಿತ್ತು. ನಡುಗುವ ಕೈಗೆ ಆಕ್ಸಿಮೀಟರ್ ಸಿಕ್ಕಿಸಿ ರೀಡಿಂಗ್ ತೆಗೆಯುವುದು ಹೇಗೆ ಅಂತ ನಮ್ಮ ಇಡೀ ಕಂಪನಿಯಲ್ಲಿ ಅನುಭವದಿಂದ ಗೊತ್ತಿರುವುದು ಅವಳೊಬ್ಬಳಿಗೇ. ಈಗ ಕೈಪಿಡಿಯ ಆ ಪುಟವನ್ನು ನಾವಿಬ್ಬರೂ ಸೇರಿ ಬರೆಯುತ್ತೇವೆ.

ಸೇವೆ ಮುಗಿದ ಮೇಲೆ ಅವರು ಒಂದು ವರದಿ ಕಳಿಸಿದರು. ಎಷ್ಟು ಜನ ಬಂದರು, ಎಷ್ಟು ಗಂಟೆ ಕೂತರು, ಎಷ್ಟು ಮಂದಿಗೆ ತೃಪ್ತಿಯಾಯಿತು, ಇಷ್ಟೇ. ಸಾಧನದಲ್ಲಿ ಏನು ಬದಲಾಯಿತು ಅಂತ ಕೇಳಲೇ ಇಲ್ಲ. ನಾನು ಹೇಳುತ್ತೇನೆ. ದೀಪದ ಜಾಗದಲ್ಲಿ ಈಗ ಸರಿ ಗುರುತು, ತಪ್ಪು ಗುರುತು ಮೂಡುತ್ತದೆ, ಜೊತೆಗೆ ಸದ್ದಿನ ವ್ಯತ್ಯಾಸವೂ ಇದೆ. ತೋಳಿನ ಪಟ್ಟಿ ಮೂರು ಅಳತೆಯಲ್ಲಿ ಬರುತ್ತದೆ. ಕೈಪಿಡಿಯಲ್ಲಿ ಎಡಗೈ, ಬಲಗೈ ಎರಡಕ್ಕೂ ಚಿತ್ರ ಇದೆ. ಹೊಸ ಮಾದರಿ ಬಂದರೆ ನೋಡಿ ಹೇಳಲು ಹೊರಗಿನ 18 ಜನರ ಒಂದು ಗುಂಪು ಇದೆ. ವಯಸ್ಸು, ಮೈಕಟ್ಟು, ಚರ್ಮದ ಬಣ್ಣ, ಕಣ್ಣು, ಕೈ ಎಲ್ಲದರಲ್ಲೂ ಬೇರೆ ಬೇರೆಯವರು. ಅವರ ಹೊತ್ತಿಗೆ ನಾವು ಸಂಬಳ ಕೊಡುತ್ತೇವೆ.

ಬದಲಾಗದೇ ಇರುವುದೂ ಇದೆ. ಯಾವ ಸಾಧನ ಮಾಡಬೇಕು, ಯಾವುದು ಬೇಡ ಅಂತ ಕೊನೆಗೆ ತೀರ್ಮಾನಿಸುವ ಸಮಿತಿಯಲ್ಲಿ ಮೊದಲಿದ್ದ ಅದೇ ನಾಲ್ವರು ಇದ್ದಾರೆ. ಕಾರ್ಡು ಓದುತ್ತಾರೆ, ಒಪ್ಪುತ್ತಾರೆ, ಆದರೆ ಕುರ್ಚಿ ಅವರದೇ. ತರಬೇತಿಯವರು ಈ ಮಾತನ್ನು ಮುಟ್ಟಲೇ ಇಲ್ಲ. ದುಡ್ಡು ಕೊಡುವವರು ಅವರೇ ಅಲ್ವಾ, ಕಷ್ಟ ಅಂತ ನನಗೆ ಅರ್ಥವಾಗುತ್ತದೆ. ಆದರೂ ಹೇಳಬೇಕಿತ್ತು.

ನೀವು ಇಂಥ ಸೇವೆ ತೆಗೆದುಕೊಳ್ಳುವುದಾದರೆ ಬರುವವರು ಯಾರು ಅಂತ ಮೊದಲೇ ಕೇಳಿ, ಕೊನೆಯವರೆಗೂ ಅವರೇ ಇರುತ್ತಾರಾ ಅಂತ ಬರೆಸಿಕೊಳ್ಳಿ. ವಿಡಿಯೋದಲ್ಲಿ ಬರಹ ಇದೆಯಾ ನೋಡಿ. ಸಹಿ ಪುಸ್ತಕ ಬೇಡ. ಪೂರ್ವಗ್ರಹ ಪರೀಕ್ಷೆಯ ಚೀಟಿ ಬೇಡ. ನಿಮ್ಮ ಒಂದು ವರ್ಷದ ದೂರುಗಳನ್ನು ಮೊದಲೇ ಅವರ ಕೈಗೆ ಕೊಡಿ. ಓದಿಕೊಂಡು ಬರುವವರಾದರೆ ಮಾತ್ರ ಒಪ್ಪಿಕೊಳ್ಳಿ.

ಮೊನ್ನೆ ಸಂಜೆ ಸ್ಟೋರಿನವರು ನನ್ನ ಮೇಜಿನ ಹತ್ತಿರ ಬಂದರು. ಕೈಯಲ್ಲಿ ಡಬ್ಬಿಗೆ ಅಂಟಿಸುವ ಎರಡು ಸ್ಟಿಕರ್. ಕಳಿಸಲು ತಯಾರಾದ ಮಾಲಿಗೆ ಹಸಿರು, ರಿಪೇರಿಗೆ ವಾಪಸ್ ಬಂದದ್ದಕ್ಕೆ ಕೆಂಪು. ಆರು ವರ್ಷ ಅವರು ಮೂಲೆಯಲ್ಲಿರುವ ಸಣ್ಣ ನಂಬರು ಓದಿ ಓದಿ ಬೇರ್ಪಡಿಸುತ್ತಿದ್ದರಂತೆ. "ಮೇಡಂ, ಇದರ ಮೇಲೂ ಒಂದು ಗುರುತು ಹಾಕಿಸೋಕಾಗುತ್ತಾ?" ಅಂದರು. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಯಾವ ಗುರುತು ಬೇಕು ಅಂತ ಕೇಳಿ, ಅವರ ಹೆಸರಲ್ಲೇ ಸಮಿತಿಗೆ ಬರೆದು ಕಳಿಸಿದೆ. ಉತ್ತರಕ್ಕೆ ಕಾಯುತ್ತಿದ್ದೇವೆ.